ವ್ಯಾಕ್ಸಿಂಗ್ ಮನೆಯಲ್ಲೋ, ಪಾರ್ಲರ್‌ನಲ್ಲೋ? ಮೊದಲು ಕೈ ಎಷ್ಟಿವೆ ಎಣಿಸಿ

ಪ್ರಶ್ನೆ: ಮೇಡಂ, ನನಗೆ 23 ವರ್ಷ. ದಾವಣಗೆರೆಯಲ್ಲಿ ಕೆಲಸದಲ್ಲಿದ್ದೇನೆ. ಇಷ್ಟು ದಿನ ಕೈ, ಕಾಲು, ಕಂಕುಳು ಎಲ್ಲಾ ಪಾರ್ಲರ್‌ನಲ್ಲೇ ವ್ಯಾಕ್ಸ್ ಮಾಡಿಸುತ್ತಿದ್ದೆ. ಪ್ರತಿ ತಿಂಗಳೂ ಅಷ್ಟು ದುಡ್ಡು ಕೊಡೋದು ಬೇಜಾರಾಗಿ, ವಿಡಿಯೋ ನೋಡಿ ಸಕ್ಕರೆ, ನಿಂಬೆಹಣ್ಣು ಹಾಕಿ ಮನೆಯಲ್ಲೇ ವ್ಯಾಕ್ಸ್ ಮಾಡಿಕೊಂಡೆ. ಕಾಲು ಚೆನ್ನಾಗಿ ಬಂತು. ಕೈ ಮೇಲೆ ಅರ್ಧ ಕೂದಲು ತುಂಡಾಗಿ ಉಳಿಯಿತು, ಮರುದಿನ ಗುಳ್ಳೆ ಎದ್ದವು. ಕಂಕುಳಲ್ಲಿ ಒಂದು ಕಡೆ ಕಂದಿ ಹೋಗಿದೆ. ಇನ್ನು ಮುಂದೆ ಮನೆಯಲ್ಲೇ ಮಾಡಲಾ, ಪಾರ್ಲರ್‌ಗೇ ಹೋಗಲಾ? ಅಪ್ಪರ್ ಲಿಪ್‌ಗೂ ಮನೆಯಲ್ಲೇ ಮಾಡಬಹುದಾ? ಮೊಡವೆಗೆ ಡಾಕ್ಟರ್ ಬರೆದುಕೊಟ್ಟ ಕ್ರೀಮ್ ರಾತ್ರಿ ಹಚ್ಚುತ್ತೇನೆ. ಮುಂದಿನ ತಿಂಗಳು ಅಕ್ಕನ ಮದುವೆ ಬೇರೆ ಇದೆ.

ಉತ್ತರ: ನಾನು ಪಾರ್ಲರ್ ನಡೆಸುವವಳು. ಹಾಗಂತ "ಪಾರ್ಲರ್‌ಗೇ ಹೋಗಿ" ಅಂತ ಬರೆಯುತ್ತೇನೆ ಅಂದುಕೊಳ್ಳಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಕಾಲು ಚೆನ್ನಾಗಿ ಬಂತು, ಕೈ ಅರ್ಧಂಬರ್ಧ ಆಯಿತು, ಕಂಕುಳು ಕೆಟ್ಟಿತು. ವ್ಯಾಕ್ಸ್ ಒಂದೇ, ಮಾಡಿದವರೂ ಒಬ್ಬರೇ. ಹಾಗಾದರೆ ವ್ಯತ್ಯಾಸ ಎಲ್ಲಿ ಬಂತು? ಕೈ ಲೆಕ್ಕದಲ್ಲಿ.

ವ್ಯಾಕ್ಸಿಂಗ್ ಎರಡು ಕೈಯ ಕೆಲಸ. ಒಂದು ಕೈ ಸ್ಟ್ರಿಪ್ ಎಳೆಯುತ್ತದೆ, ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತದೆ. ಪಾರ್ಲರ್‌ನಲ್ಲಿ ಎಲ್ಲರ ಕಣ್ಣೂ ಎಳೆಯುವ ಕೈ ಮೇಲೇ. ಹಿಡಿಯುವ ಕೈಯನ್ನು ಯಾರೂ ನೋಡುವುದಿಲ್ಲ. ಕೂದಲು ಬುಡಸಮೇತ ಬರಬೇಕು, ನೋವು ಕಡಿಮೆಯಾಗಬೇಕು ಅಂದರೆ ಮುಖ್ಯ ಆ ಕೈ. ಚರ್ಮ ಸಡಿಲವಾಗಿದ್ದರೆ ಸ್ಟ್ರಿಪ್ ಜೊತೆಗೆ ಅದೂ ಮೇಲೇಳುತ್ತದೆ. ಕೂದಲು ನಡುವೆ ತುಂಡಾಗುತ್ತದೆ, ಒಳಗಿನ ಸಣ್ಣ ರಕ್ತನಾಳ ಒಡೆದು ಚರ್ಮ ಕಂದುತ್ತದೆ. ನಿಮ್ಮ ಕಂಕುಳಲ್ಲಿ ಆಗಿರೋದು ಬಹುಶಃ ಅದೇ.

ಈಗ ಎಣಿಸಿ ನೋಡಿ. ನಿಮ್ಮ ಕಾಲಿಗೆ ನೀವೇ ವ್ಯಾಕ್ಸ್ ಮಾಡುವಾಗ ಎರಡೂ ಕೈ ಬಿಡುವಾಗಿರುತ್ತವೆ. ಕೈಗೆ ಮಾಡುವಾಗ ಒಂದೇ ಕೈ ಉಳಿಯುತ್ತದೆ, ಅದೂ ಒಂದು ಸಲ ಎಡಗೈ. ಕಂಕುಳಿಗೆ ಬಂದರೆ ಒಂದು ಕೈ ತಲೆ ಮೇಲೆ, ಇನ್ನೊಂದು ಎಳೆಯೋಕೆ. ಹಿಡಿಯೋಕೆ ಯಾರೂ ಇಲ್ಲ. ಅಲ್ಲಿಯ ಚರ್ಮವೋ ಸಡಿಲ, ಕೂದಲು ದಪ್ಪ, ಬೆಳೆಯುವ ದಿಕ್ಕು ಒಂದೇ ಕಂಕುಳಲ್ಲಿ ಎರಡು ಮೂರು. ಸರಿಯಾಗಿ ಕಣ್ಣಿಗೂ ಕಾಣಲ್ಲ.

ಹಾಗಾಗಿ ಮನೆಯೋ ಪಾರ್ಲರೋ ಅನ್ನೋದನ್ನು ಇಡೀ ಮೈಗೆ ಒಂದೇ ಸಲ ತೀರ್ಮಾನ ಮಾಡಬೇಡಿ. ಕಾಲನ್ನು ಧಾರಾಳವಾಗಿ ಮನೆಯಲ್ಲೇ ಮಾಡಿಕೊಳ್ಳಿ. ಕೈಗೆ ಇನ್ನೊಬ್ಬರು ಜೊತೆಗಿದ್ದರೆ ಮನೆ, ಇಲ್ಲದಿದ್ದರೆ ಪಾರ್ಲರ್. ಕಂಕುಳು, ಬೆನ್ನು, ಬಿಕಿನಿ ಲೈನ್ ಪಾರ್ಲರ್‌ಗೇ ಬಿಡಿ. ಅಪ್ಪರ್ ಲಿಪ್ ಮಾತ್ರ ಸದ್ಯಕ್ಕೆ ಎಲ್ಲಿಯೂ ವ್ಯಾಕ್ಸ್ ಬೇಡ. ಅದಕ್ಕೆ ಕಾರಣ ನಿಮ್ಮ ಮೊಡವೆ ಕ್ರೀಮ್. ಆಮೇಲೆ ಹೇಳುತ್ತೇನೆ.

ಮೊದಲು ಒಲೆ ಮುಂದೆ ನಿಲ್ಲೋಣ. ಸಕ್ಕರೆ ವ್ಯಾಕ್ಸ್ ಅಂದರೆ ಪಾಕವೇ. ಎರಡು ಕಪ್ ಸಕ್ಕರೆಗೆ ಕಾಲು ಕಪ್ ನಿಂಬೆರಸ, ಕಾಲು ಕಪ್ ನೀರು. ಸಣ್ಣ ಉರಿಯಲ್ಲಿ ಜೇನಿನ ಬಣ್ಣಕ್ಕೆ ಬರಬೇಕು. ಒಂದೆಳೆ ಪಾಕ ಸಾಲದು, ಕೂದಲನ್ನು ಹಿಡಿಯಲ್ಲ. ಬಟ್ಟಲು ನೀರಿಗೆ ಒಂದು ಹನಿ ಬಿಟ್ಟರೆ ಅದು ಕರಗದೆ, ಬೆರಳಲ್ಲಿ ಒತ್ತಿದಾಗ ಮೆತ್ತಗಿನ ಉಂಡೆಯಾಗಬೇಕು. ಉಂಡೆ ಕಟ್ಟುವ ಪಾಕ ಮಾಡಿ ಗೊತ್ತಿರುವ ಅಮ್ಮಂದಿರಿಗೆ ಇದು ವಿಡಿಯೋದವರಿಗಿಂತ ಚೆನ್ನಾಗಿ ಬರುತ್ತದೆ. ನಿಂಬೆರಸ ಕೂದಲನ್ನೇನೂ ಕೀಳುವುದಿಲ್ಲ. ಪಾಕ ಹರಳುಗಟ್ಟದೆ ನುಣ್ಣಗಿರಲಿ ಅಂತ ಅಷ್ಟೇ.

ಇಲ್ಲಿ ಒಂದು ಎಚ್ಚರ. ಕುದಿಯುವ ನೀರು 100 ಡಿಗ್ರಿ. ಈ ಪಾಕ 115ರಿಂದ 120 ಡಿಗ್ರಿ ತನಕ ಏರುತ್ತದೆ. ನೀರು ಬಿದ್ದರೆ ಜಾರಿ ಹೋಗುತ್ತದೆ, ಪಾಕ ಅಂಟಿಕೊಂಡೇ ಸುಡುತ್ತದೆ. ಆದ್ದರಿಂದ ಆಳವಾಗಿ ಸುಡುತ್ತದೆ. ಒಲೆ ಆರಿಸಿ ಹತ್ತು ನಿಮಿಷಕ್ಕೇ ಹಚ್ಚಿಕೊಳ್ಳೋಕೆ ಹೊರಡಬೇಡಿ. ಮೇಲ್ಭಾಗ ತಣ್ಣಗಾದಂತೆ ಕಂಡರೂ ತಳ ಸುಡುತ್ತಿರುತ್ತದೆ. ಚೆನ್ನಾಗಿ ಕಲಕಿ, ಚೂರು ತೆಗೆದು ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ. ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಒಂದು ಕಡೆ ಬೆಚ್ಚಗೆ, ಒಂದು ಕಡೆ ಕೆಂಡ. ಗಟ್ಟಿಯಾದ ವ್ಯಾಕ್ಸನ್ನು ಬಿಸಿನೀರಿನ ಪಾತ್ರೆಯಲ್ಲಿ ಡಬ್ಬ ಇಟ್ಟು ಕರಗಿಸುವುದೇ ಒಳ್ಳೆಯದು. ಅಕಸ್ಮಾತ್ ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಇಂಕು ಬೇಡ. ಬೊಬ್ಬೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಪಾಕ ಮಾಡುವ ತಾಪತ್ರಯ ಬೇಡ ಅಂದರೆ ಫ್ಯಾನ್ಸಿ ಸ್ಟೋರ್‌ನಲ್ಲಿ ಹನಿ ವ್ಯಾಕ್ಸ್ ಡಬ್ಬ ಸಿಗುತ್ತದೆ. ಕಾಲಿಗೆ ಅದೇ ಸಾಕು. ಅಂಗೈಯಲ್ಲಿ ಉಜ್ಜಿ ಅಂಟಿಸುವ ರೆಡಿಮೇಡ್ ಸ್ಟ್ರಿಪ್‌ಗಳು ಊರಿಗೆ ಹೋದಾಗ, ಹಾಸ್ಟೆಲಲ್ಲಿ ಇದ್ದಾಗ ಪರವಾಗಿಲ್ಲ. ಸುಡುವ ಭಯ ಇಲ್ಲ. ಆದರೆ ದಪ್ಪ ಕೂದಲನ್ನು ಅವು ಅಷ್ಟಾಗಿ ಹಿಡಿಯಲ್ಲ. ಎಳೆಯೋಕೆ ಹಳೇ ಜೀನ್ಸ್ ಬಟ್ಟೆ ಕತ್ತರಿಸಿ ಇಟ್ಟುಕೊಳ್ಳುವವರು ಬಹಳ. ಗಟ್ಟಿ ಬಟ್ಟೆ, ಚೆನ್ನಾಗಿಯೇ ಎಳೆಯುತ್ತದೆ. ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಮನೆಯಲ್ಲಿ ಇಬ್ಬರು ಮೂವರು ಇದ್ದರೆ ಅವರವರ ತುಂಡು ಅವರವರಿಗೆ.

ಕಾಲಿನ ಮೇಲೆ ಒಂದು ಪಟ್ಟಿ ಹೇಗೆ ಎಳೆಯಬೇಕು ಅಂತ ಹೇಳುತ್ತೇನೆ. ಕೂದಲು ಸುಮಾರು 6 ಮಿಲಿಮೀಟರ್, ಅಂದರೆ ಕಾಲು ಇಂಚು ಇರಬೇಕು. ಶೇವ್ ಮಾಡಿದ್ದರೆ ಎರಡು ಮೂರು ವಾರ ಕಾಯಿರಿ. ಅದಕ್ಕಿಂತ ಗಿಡ್ಡ ಇದ್ದರೆ ವ್ಯಾಕ್ಸ್‌ಗೆ ಹಿಡಿತ ಸಿಗಲ್ಲ, ತುಂಬಾ ಉದ್ದ ಇದ್ದರೆ ಸುಮ್ನೆ ನೋವು, ಕತ್ತರಿಯಲ್ಲಿ ಸ್ವಲ್ಪ ಟ್ರಿಮ್ ಮಾಡಿ. ಚರ್ಮದ ಮೇಲೆ ಎಣ್ಣೆ, ಲೋಷನ್, ಬೆವರು ಇರಬಾರದು. ಒಣಗಿಸಿ ತೆಳ್ಳಗೆ ಪೌಡರ್ ಹಾಕಿ. ಕೂದಲು ಬೆಳೆಯುವ ದಿಕ್ಕಿಗೇ ವ್ಯಾಕ್ಸನ್ನು ತೆಳ್ಳಗೆ ಹಚ್ಚಿ. ಕೆಳಗಿನ ಚರ್ಮ ಕಾಣುವಷ್ಟು ತೆಳ್ಳಗೆ. ದಪ್ಪ ಹಚ್ಚಿದರೆ ಚೆನ್ನಾಗಿ ಬರುತ್ತದೆ ಅನ್ನೋದು ತಪ್ಪು, ರಾಡಿಯಾಗೋದು ಅಷ್ಟೇ. ಸ್ಟ್ರಿಪ್ ಇಟ್ಟು ಅದೇ ದಿಕ್ಕಿಗೆ ಮೂರು ನಾಲ್ಕು ಸಲ ಒತ್ತಿ ಸವರಿ. ಈಗ ಎಡಗೈಯಿಂದ ಪಾದದ ಕಡೆಯ ಚರ್ಮವನ್ನು ಕೆಳಕ್ಕೆ ಬಿಗಿಹಿಡಿದು, ಬಲಗೈಯಿಂದ ಮೊಣಕಾಲಿನ ಕಡೆಗೆ ಒಂದೇ ಏಟಿಗೆ ಎಳೆಯಿರಿ. ಕೈ ಕಾಲಿಗೆ ತಾಗಿಕೊಂಡೇ ಹಿಂದಕ್ಕೆ ಹೋಗಬೇಕು. ಆಕಾಶದ ಕಡೆಗೆ ಎತ್ತಿದರೆ ಕೂದಲು ತುಂಡಾಗುತ್ತದೆ. ಎಳೆದ ಕೂಡಲೇ ಆ ಜಾಗಕ್ಕೆ ಅಂಗೈ ಒತ್ತಿ ಹಿಡಿಯಿರಿ, ಉರಿ ಅರ್ಧ ಇಳಿಯುತ್ತದೆ.

ಮೊಣಕಾಲಿನ ಮೇಲೆ ಕೂದಲು ನಾಲ್ಕು ದಿಕ್ಕಿಗೂ ಇರುತ್ತದೆ. ಕಾಲು ಮಡಚಿ, ಸಣ್ಣ ಸಣ್ಣ ತುಂಡುಗಳಲ್ಲಿ ಮಾಡಿ. ಮೀನಖಂಡದಲ್ಲಿ ಕೂದಲು ನೇರ ಕೆಳಗೆ ಹೋಗದೆ ಪಕ್ಕಕ್ಕೆ ತಿರುಗಿರುತ್ತದೆ, ನೋಡಿಕೊಂಡು ಹಚ್ಚಿ. ಒಂದೇ ಜಾಗದ ಮೇಲೆ ಎರಡು ಸಲಕ್ಕಿಂತ ಜಾಸ್ತಿ ಎಳೆಯಬೇಡಿ. ಉಳಿದ ನಾಲ್ಕು ಕೂದಲನ್ನು ಪ್ಲಕ್ಕರ್‌ನಲ್ಲಿ ತೆಗೆದರಾಯಿತು.

ಕೈಗೆ ಮಾಡುವಾಗ ಅಕ್ಕನನ್ನೇ ಎದುರಿಗೆ ಕೂರಿಸಿಕೊಳ್ಳಿ. ಅವರು ಎಳೆಯುವುದೇ ಬೇಡ, ಚರ್ಮ ಹಿಡಿದುಕೊಂಡರೆ ಸಾಕು. ಮುಂಗೈಯ ಒಳಗೆ ಒಂದು ದಿಕ್ಕು, ಹೊರಗೆ ಒಂದು ದಿಕ್ಕು, ಮೊಣಕೈ ಹತ್ತಿರ ಸುಳಿ. ನಿಮಗೆ ಅರ್ಧ ಕೂದಲು ಉಳಿದದ್ದಕ್ಕೆ ಇದೂ ಒಂದು ಕಾರಣ ಇರಬಹುದು: ಇಡೀ ಕೈಯನ್ನು ಒಂದೇ ದಿಕ್ಕಿಗೆ ಎಳೆದಿರುತ್ತೀರಿ. ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಇನ್ನೊಂದು ಮಾತು. ಸೆಕೆಗಾಲದಲ್ಲಿ ಸಕ್ಕರೆ ವ್ಯಾಕ್ಸ್ ಬೆವರಿಗೆ ನೀರೊಡೆದು ಅಂಟಂಟಾಗಿ ಕೂತುಬಿಡುತ್ತದೆ, ಬಟ್ಟೆಗೂ ಬರಲ್ಲ. ಬೆಳಗ್ಗೆ ಬೇಗ, ಫ್ಯಾನ್ ಕೆಳಗೆ ಮಾಡಿ. ಉಳಿದದ್ದನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದರೆ ಹೋಗುತ್ತದೆ. ಬೆವರುಸಾಲೆ ಎದ್ದ ಚರ್ಮದ ಮೇಲೆ ಮಾತ್ರ ಯಾವ ವ್ಯಾಕ್ಸೂ ಬೇಡ.

ಇನ್ನು ಗುಳ್ಳೆ. ವ್ಯಾಕ್ಸ್ ಮಾಡಿದ ಕೆಲವೇ ಗಂಟೆಗಳಲ್ಲಿ ಪ್ರತಿ ಕೂದಲಿನ ಬುಡದಲ್ಲೂ ಕೆಂಪಗೆ ಸಣ್ಣಗೆ ಎದ್ದರೆ ಹೆದರಬೇಡಿ. ಕಿತ್ತ ಜಾಗಕ್ಕೆ ಚರ್ಮ ತೋರಿಸುವ ಸಿಟ್ಟು ಅದು. ತಣ್ಣೀರ ಬಟ್ಟೆ ಇಟ್ಟು, ಲೋಳೆಸರದ ಜೆಲ್ ಹಚ್ಚಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದಾದ ಮೇಲೂ ಬಿಳಿ ಕೀವಿನ ತಲೆ ಬಂದು, ಮುಟ್ಟಿದರೆ ನೋವಾದರೆ ಅದು ಸೋಂಕು. ಚಿವುಟಬೇಡಿ, ಡಾಕ್ಟರಿಗೆ ತೋರಿಸಿ. ಮೂರನೆಯದು ಒಂದೆರಡು ವಾರ ಬಿಟ್ಟು ಬರುವುದು: ತುಂಡಾದ ಕೂದಲು ಹೊರಗೆ ಬರಲಾರದೆ ಚರ್ಮದ ಒಳಗೇ ಸುರುಳಿ ಸುತ್ತುತ್ತದೆ. ಇನ್‌ಗ್ರೋನ್ ಹೇರ್ ಅಂತ ಕರೆಯೋದು ಇದನ್ನೇ. ಸೂಜಿ ಹಾಕಿ ಕೆದಕುವ ಆಸೆ ಎಲ್ಲರಿಗೂ ಬರುತ್ತದೆ. ಕೆದಕಿದರೆ ನಮ್ಮ ಗೋಧಿ, ಕಪ್ಪು ಮೈಬಣ್ಣಕ್ಕೆ ಕಲೆ ತಿಂಗಳುಗಟ್ಟಲೆ ಹೋಗಲ್ಲ. ವ್ಯಾಕ್ಸ್ ಆಗಿ ಮೂರು ದಿನ ಬಿಟ್ಟು, ವಾರಕ್ಕೆ ಎರಡು ಸಲ ಮೆತ್ತಗಿನ ಲೂಫಾ ಅಥವಾ ಒದ್ದೆ ಟವೆಲಿನಲ್ಲಿ ಹಗುರವಾಗಿ ಉಜ್ಜಿ, ಮಾಯಿಶ್ಚರೈಸರ್ ಹಚ್ಚುತ್ತಾ ಬಂದರೆ ಇದು ಕಡಿಮೆಯಾಗುತ್ತದೆ. ವ್ಯಾಕ್ಸ್ ಆದ ದಿನ ಸುಡುಸುಡು ನೀರಿನ ಸ್ನಾನ, ಜಿಮ್, ಬಿಸಿಲು, ಬಿಗಿ ಲೆಗ್ಗಿಂಗ್ಸ್, ಕಂಕುಳಿಗೆ ಡಿಯೋ ಯಾವುದೂ ಬೇಡ.

ಇಷ್ಟೆಲ್ಲ ಮನೆ ಮಾತಾಯಿತು. ಪಾರ್ಲರ್‌ಗೆ ಹೋದರೆ ಎಲ್ಲಾ ಸರಿಹೋಗುತ್ತದಾ? ಇಲ್ಲ. ನಮ್ಮಲ್ಲಿ ಕೈಪಳಗಿದವರು ಇರುತ್ತಾರೆ, ಆದರೆ ನಮ್ಮ ಡಬ್ಬ ಹತ್ತು ಜನರದ್ದು. ಮನೆಯ ಡಬ್ಬ ನಿಮ್ಮೊಬ್ಬರದ್ದೇ. ಪಾರ್ಲರಿನ ಅಂದಚಂದ, ಎಸಿ, ಕನ್ನಡಿ ನೋಡಬೇಡಿ. ಚಾಕು ನೋಡಿ. ವ್ಯಾಕ್ಸ್ ಹೀಟರ್‌ನಿಂದ ತೆಗೆದು ನಿಮ್ಮ ಮೈಗೆ ಹಚ್ಚಿದ ಚಾಕು ಮತ್ತೆ ಅದೇ ಹೀಟರ್ ಒಳಗೆ ಹೋಗುತ್ತಾ? ಹೋದರೆ, ನಿಮಗಿಂತ ಮೊದಲು ಬಂದವರ ಮೈಯಿಂದಲೂ ಹಾಗೇ ಹೋಗಿರುತ್ತದೆ. "ಬಿಸಿ ವ್ಯಾಕ್ಸ್‌ನಲ್ಲಿ ಕ್ರಿಮಿ ಸಾಯುತ್ತೆ ಬಿಡಿ" ಅನ್ನುತ್ತಾರೆ. ಮೈ ತಡೆಯುವಷ್ಟು ಬಿಸಿಗೆ ಕ್ರಿಮಿ ಎಲ್ಲಾ ಸಾಯಲ್ಲ. ಕೈಕಾಲಿಗಿಂತ ಕಂಕುಳು, ಬಿಕಿನಿ ಭಾಗಕ್ಕೆ ಇದು ಮುಖ್ಯ, ಯಾಕೆಂದರೆ ಅಲ್ಲಿ ಚುಕ್ಕೆ ರಕ್ತ ಬರುವುದು ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದ ಒಬ್ಬ ಯುವತಿಗೆ ಬಿಕಿನಿ ವ್ಯಾಕ್ಸ್ ನಂತರ ಜೀವಕ್ಕೇ ಕುತ್ತು ತರುವಂಥ ಸೋಂಕಾಗಿದ್ದು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಪರೂಪದ ಘಟನೆ, ನಿಜ. ಆದರೆ ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಅಲ್ಲಿಗೆ ವ್ಯಾಕ್ಸ್ ಮಾಡಿಸಬಾರದು.

ಚಾಕು ವಿಷಯ ಕೇಳೋಕೆ ಸಂಕೋಚ ಆಗುತ್ತೆ ಅಲ್ವಾ? ಸುಲಭದ ದಾರಿ ಹೇಳಿಕೊಡುತ್ತೇನೆ. "ನಂದು ಸ್ವಲ್ಪ ಅಲರ್ಜಿ ಸ್ಕಿನ್ನು, ನನಗೆ ಬೇರೆ ಬಟ್ಟಲಲ್ಲಿ ತೆಕ್ಕೊಂಡು ಮಾಡ್ತೀರಾ?" ಅನ್ನಿ. ಯಾರಿಗೂ ಬೇಜಾರಾಗಲ್ಲ. ಬಳಸಿ ಬಿಸಾಡುವ ಐಸ್‌ಕ್ರೀಂ ಕಡ್ಡಿ, ಪೇಪರ್ ಸ್ಟ್ರಿಪ್ ಇಟ್ಟಿರುವ ಕಡೆ ಈ ಮಾತೇ ಬೇಕಾಗಿಲ್ಲ. ನಿಮ್ಮ ಡಬ್ಬ ನೀವೇ ತೆಗೆದುಕೊಂಡು ಹೋದರೂ ಸರಿ, ನಾವು ಅದರಲ್ಲೇ ಮಾಡಿಕೊಡುತ್ತೇವೆ. ಮೊಬೈಲಲ್ಲಿ ಬುಕ್ ಮಾಡಿದರೆ ಮನೆಗೇ ಬರುವವರಿಗೂ ಇದೇ ನಿಯಮ: ಸೀಲ್ ಇರುವ ಪ್ಯಾಕ್ ನಿಮ್ಮೆದುರೇ ಒಡೆಯಬೇಕು. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ಸಂಜೆ ಯಾವ ಪಾರ್ಲರ್‌ಗೂ ವ್ಯಾಕ್ಸ್‌ಗೆ ಹೋಗಬೇಡಿ. ಆ ಗಲಾಟೆಯಲ್ಲಿ ಒಳ್ಳೆಯ ಹುಡುಗಿಯ ಕೈಯೂ ಅವಸರ ಮಾಡುತ್ತದೆ. ವಾರದ ನಡುವೆ ಬೆಳಗ್ಗೆ ಹೋಗಿ, ನಿಧಾನವಾಗಿ ಮಾಡಿಕೊಡುತ್ತಾರೆ.

ರೇಟ್ ಬೋರ್ಡಿನಲ್ಲಿ ನಾರ್ಮಲ್, ಚಾಕೊಲೇಟ್, ರಿಕಾ ಅಂತ ಮೂರು ದರ ಇರುತ್ತವೆ. ಚಾಕೊಲೇಟ್ ವ್ಯಾಕ್ಸ್‌ನಲ್ಲಿ ನೀವು ಜಾಸ್ತಿ ಕೊಡೋದು ಹೆಚ್ಚಾಗಿ ಬಣ್ಣಕ್ಕೆ, ವಾಸನೆಗೆ. ರಿಕಾ ಅನ್ನೋದು ಇಟಲಿಯ ಬ್ರ್ಯಾಂಡ್. ಈಗ ಆ ಜಾತಿಯ ವ್ಯಾಕ್ಸ್‌ಗೆಲ್ಲಾ ಅದೇ ಹೆಸರು ಹೇಳುತ್ತಾರೆ. ಇವು ನೀರಿಗಲ್ಲ, ಎಣ್ಣೆಗೆ ಬಿಡುವ ವ್ಯಾಕ್ಸ್. ಚರ್ಮಕ್ಕಿಂತ ಕೂದಲನ್ನು ಜಾಸ್ತಿ ಹಿಡಿಯುತ್ತವೆ, ನೋವು ಸ್ವಲ್ಪ ಕಡಿಮೆ. ಕಂಕುಳಿಗೆ ಇದೋ, ಬಟ್ಟೆಯಿಲ್ಲದೆ ತಾನೇ ಗಟ್ಟಿಯಾಗಿ ಸುಲಿದು ಬರುವ ಬೀನ್ಸ್ ವ್ಯಾಕ್ಸೋ ಆದರೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಕಾಲಿಗೆ ಬೇಕಿಲ್ಲ. ಇಂಥ ವ್ಯಾಕ್ಸ್‌ಗಳಲ್ಲಿ ಹೆಚ್ಚಾಗಿ ಮರದ ರಾಳ ಇರುತ್ತದೆ, ಅದು ಕೆಲವರಿಗೆ ಅಲರ್ಜಿ. ಗಾಯದ ಪ್ಲಾಸ್ಟರ್ ಅಂಟಿಸಿದಲ್ಲೆಲ್ಲಾ ತುರಿಸಿ ಕೆಂಪಾಗುವವರು ಮೊದಲು ಚೂರು ಜಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು. "ಟ್ಯಾನ್ ಹೋಗುತ್ತೆ" ಅಂತ ಮಾರುವ ವ್ಯಾಕ್ಸ್ ಬಗ್ಗೆ ಹೆಚ್ಚು ಹೇಳಲ್ಲ. ಮೇಲಿನ ಸತ್ತ ಚರ್ಮ ಸ್ವಲ್ಪ ಬಂದು ಎರಡು ದಿನ ಹೊಳೆಯುತ್ತೀರಿ, ಅಷ್ಟೇ.

ಈಗ ಅಪ್ಪರ್ ಲಿಪ್. ನಿಮ್ಮ ಕ್ರೀಮಿನ ಟ್ಯೂಬ್ ತಿರುಗಿಸಿ ಹೆಸರು ಓದಿ. ಅಡಾಪಲೀನ್, ಟ್ರೆಟಿನಾಯಿನ್ ಅಂತ ಇದೆಯಾ? ರಾತ್ರಿ ಹಚ್ಚುವ ಮೊಡವೆ ಕ್ರೀಮ್‌ಗಳಲ್ಲಿ ಇವು ತುಂಬಾ ಸಾಮಾನ್ಯ. ಇವು ಮೇಲಿನ ಚರ್ಮವನ್ನು ಸೂಕ್ಷ್ಮ ಮಾಡುತ್ತವೆ. ಅದರ ಮೇಲೆ ವ್ಯಾಕ್ಸ್ ಎಳೆದರೆ ಕೂದಲಿನ ಜೊತೆ ಚರ್ಮದ ಪದರವೇ ಕಿತ್ತು ಬರುತ್ತದೆ. ಎಳೆದಾಗ ಗೊತ್ತಾಗಲ್ಲ. ಸಂಜೆ ಹೊತ್ತಿಗೆ ಮೂಗಿನ ಕೆಳಗೆ ಹೊಳೆಯುವ ಕೆಂಪು ಪಟ್ಟಿ, ವಾರ ಕಳೆದರೆ ಕಂದು ಮೀಸೆಯಂಥ ಕಲೆ. ಪಾರ್ಲರ್‌ಗೆ ಅಳುತ್ತಾ ಬರುವ ಹುಡುಗಿಯರಲ್ಲಿ ಇದೇ ಕೇಸು ಜಾಸ್ತಿ. ಮುಖದಲ್ಲಿ ವ್ಯಾಕ್ಸ್ ಬೇಕೇ ಬೇಕು ಅಂದರೆ ಕನಿಷ್ಠ ಒಂದು ವಾರ ಮೊದಲೇ ಕ್ರೀಮ್ ನಿಲ್ಲಿಸಬೇಕು, ಅದನ್ನೂ ಡಾಕ್ಟರನ್ನು ಕೇಳಿಯೇ. ಗ್ಲೈಕಾಲಿಕ್ ಆಸಿಡ್ ಇರುವ ಸೀರಮ್‌ಗಳಿಗೂ ಇದೇ ಎಚ್ಚರ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದು ನಿಂತು ಆರು ತಿಂಗಳಾಗುವ ತನಕ ಮೈಯ ಯಾವ ಭಾಗಕ್ಕೂ ವ್ಯಾಕ್ಸ್ ಬೇಡ. ಇದನ್ನು ಪಾರ್ಲರಿನವರು ಕೇಳದಿದ್ದರೂ ನೀವೇ ಹೇಳಿ.

ಹಾಗಾದರೆ ಅಪ್ಪರ್ ಲಿಪ್‌ಗೆ ಏನು ಮಾಡೋದು? ಥ್ರೆಡಿಂಗ್. ದಾರ ಕೂದಲನ್ನಷ್ಟೇ ಹಿಡಿಯುತ್ತದೆ. ಕ್ರೀಮ್ ಹಚ್ಚುವ ವಿಷಯ ಅಲ್ಲಿಯೂ ಹೇಳಿ, ಒಂದೇ ಜಾಗದಲ್ಲಿ ತಿಕ್ಕದೆ ಮಾಡಲಿ. ಇಲ್ಲವೇ ಮುಖಕ್ಕೆ ಅಂತಲೇ ಸಿಗುವ ಪುಟ್ಟ ರೇಜರ್. "ಅಯ್ಯೋ, ರೇಜರ್ ಹಾಕಿದರೆ ಗಡ್ಡ ಬರುತ್ತೆ" ಅಂತ ಮನೆಯಲ್ಲಿ ಕೂಗುತ್ತಾರೆ, ಗೊತ್ತು. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ 1928ರಲ್ಲೇ ಇದನ್ನು ಪರೀಕ್ಷೆ ಮಾಡಿದ್ದರು. ಶೇವ್ ಮಾಡಿದ್ದರಿಂದ ಕೂದಲು ದಪ್ಪವೂ ಆಗಲಿಲ್ಲ, ಬೇಗವೂ ಬೆಳೆಯಲಿಲ್ಲ. ಕತ್ತರಿಸಿದ ತುದಿ ಮೊಂಡಾಗಿರೋದರಿಂದ ಮುಟ್ಟಿದರೆ ಚುಚ್ಚುತ್ತದೆ. ಕಿತ್ತ ಕೂದಲು ಹೊಸದಾಗಿ ಚೂಪು ತುದಿಯಿಂದ ಬರುತ್ತದೆ, ಅದಕ್ಕೆ ಮೆತ್ತಗೆ ಅನಿಸುತ್ತದೆ. ವ್ಯಾಕ್ಸ್‌ನಿಂದಲೂ ಕೂದಲು ಶಾಶ್ವತವಾಗಿ ಹೋಗಲ್ಲ, ಮೂರರಿಂದ ಆರು ವಾರದಲ್ಲಿ ವಾಪಸ್ ಹಾಜರು. ಗದ್ದದಲ್ಲಿ, ಕುತ್ತಿಗೆಯಲ್ಲಿ ದಪ್ಪ ಕಪ್ಪು ಕೂದಲು ಹೊಸದಾಗಿ ಬರುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಮಾತ್ರ ನಮ್ಮ ಹತ್ತಿರ ಬರುವ ಮೊದಲು ಡಾಕ್ಟರ ಹತ್ತಿರ ಹೋಗಿ. ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು. ವ್ಯಾಕ್ಸ್ ಮಾಡಿ ಮುಚ್ಚಿಡೋದರಲ್ಲಿ ಅರ್ಥ ಇಲ್ಲ.

ನಿಮ್ಮ ಅಮ್ಮನೂ ಮದುವೆಗೆ ಅಂತ ಜೊತೆಗೆ ಕೂರಬಹುದು. ಅವರ ಕಾಲಲ್ಲಿ ಉಬ್ಬಿದ ನೀಲಿ ನರಗಳಿದ್ದರೆ ಅದರ ಮೇಲೆ ವ್ಯಾಕ್ಸ್ ಬೇಡ. ರಕ್ತ ತೆಳ್ಳಗಾಗುವ ಮಾತ್ರೆ ನುಂಗುವವರಿಗೂ ಬೇಡ. ಮಚ್ಚೆ, ನರುಳ್ಳೆ ಇದ್ದರೆ ಅಷ್ಟು ಜಾಗ ಬಿಟ್ಟು ಸುತ್ತ ಮಾಡಿ.

ಮದುವೆ ಲೆಕ್ಕಕ್ಕೆ ಬರೋಣ. ಕಂಕುಳಿನ ಕಂದು ಪೂರ್ತಿ ಹೋಗುವ ತನಕ ಅಲ್ಲಿ ಏನೂ ಮಾಡಬೇಡಿ. ಒಂದೆರಡು ವಾರದಲ್ಲಿ ಹೋಗುತ್ತದೆ. ಹೊಸ ವ್ಯಾಕ್ಸ್, ಹೊಸ ಪಾರ್ಲರ್ ಪ್ರಯೋಗ ಮಾಡೋದಿದ್ದರೆ ಈಗಲೇ ಒಂದು ಸಣ್ಣ ಜಾಗದಲ್ಲಿ ಮಾಡಿ ನೋಡಿ. ಮದುವೆ ವಾರದಲ್ಲಿ ಹೊಸದೇನೂ ಬೇಡ. ಕೈಯಲ್ಲಿ ತುಂಡಾಗಿ ಉಳಿದ ಕೂದಲು ಅಷ್ಟರೊಳಗೆ ಕಾಲು ಇಂಚಿಗೆ ಬಂದಿರುತ್ತದೆ, ಸುಮ್ನೆ ಬಿಟ್ಟುಬಿಡಿ, ನಡುವೆ ರೇಜರ್ ಹಾಕಬೇಡಿ. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ನೋವು ಜಾಸ್ತಿ ಅಂತ ಬಹಳ ಜನ ಹೇಳುತ್ತಾರೆ, ಆ ತಾರೀಖೂ ನೋಡಿಕೊಳ್ಳಿ. ಮೆಹಂದಿಗೆ ಎರಡು ದಿನ ಮೊದಲು ಕೈ, ಕಾಲು, ಕಂಕುಳು ಮೂರೂ ಮುಗಿದಿರಲಿ. ಮೆಹಂದಿ ಆದ ಮೇಲೆ ವ್ಯಾಕ್ಸ್ ಮಾಡಿದರೆ ಬಣ್ಣವೂ ಸ್ಟ್ರಿಪ್ ಜೊತೆಗೆ ಬರುತ್ತದೆ, ವ್ಯಾಕ್ಸ್ ಆದ ದಿನವೇ ಮೆಹಂದಿ ಹಾಕಿದರೆ ಉರಿ. ಅರಿಶಿನ ಶಾಸ್ತ್ರದಲ್ಲಿ ನಿಮ್ಮ ಕೈಗೂ ಬಳಿಯುತ್ತಾರಲ್ಲ, ಅದಕ್ಕೂ ಇದೇ ಎರಡು ದಿನದ ಅಂತರ. ಥ್ರೆಡಿಂಗ್ ಮಾತ್ರ ಮದುವೆಯ ಹಿಂದಿನ ದಿನ ಬೆಳಗ್ಗೆ ಮಾಡಿಸಿ, ರಾತ್ರಿ ಆ ಜಾಗಕ್ಕೆ ಮೊಡವೆ ಕ್ರೀಮ್ ಹಚ್ಚಬೇಡಿ.